ಬಣ್ಣ ಬದಲಾದರೆ ಸೌಂಡೂ ಬದಲಾಗುತ್ತಾ?

"ಹೊಸಾ ಸೆಟ್ ತಗೊಂಡ್ರೇನ್ರಿ? ಸೌಂಡೇ ಬೇರೆ ಆಗೈತಲ್ರೀ!"

ಭಾನುವಾರ ಇಲ್ಲೇ ದಾವಣಗೆರೆಯಲ್ಲಿ ಒಂದು ರಿಸೆಪ್ಷನ್ ಮುಗಿದ ಮೇಲೆ ಮದುವೆ ಕಾಂಟ್ರ್ಯಾಕ್ಟ್‌ನವರು ಹೇಳಿದ ಮಾತಿದು. ಅವತ್ತಿಂದ ತಲೆ ಕೊರೀತಾ ಇದೆ. ನನ್ನ ಡ್ರಮ್ ಸೆಟ್ ಹಳೆಯದೇ. ಅದೇ ಮರ, ಅದೇ ಸ್ಕಿನ್, ಬಾರಿಸುವ ಕೈಯೂ ಅದೇ. ಮೇಲಿನ ಕಪ್ಪು ಹೊದಿಕೆ ಹೋಗಿ ತಾಮ್ರದ ಬಣ್ಣದ ಮೆಟಾಲಿಕ್ ರ‍್ಯಾಪ್ ಬಂದಿದೆ, ಅಷ್ಟೇ. ಅದೂ ತಾಮ್ರವಲ್ಲ, ಪ್ಲಾಸ್ಟಿಕ್ಕು.

ಕಳೆದ ವರ್ಷ ಕೈ ಸುಟ್ಟುಕೊಂಡು ಎಲ್ಲ ಡ್ರಮ್ಮಿಗೂ ಹೊಸ ಸ್ಕಿನ್ ಹಾಕಿಸಿದ್ದೆ. ದನಿ ಹುಟ್ಟುವುದೇ ಅಲ್ಲಿ ಅಲ್ವಾ? ಆಗ ಇದೇ ಮನುಷ್ಯ ತುಟಿ ಬಿಚ್ಚಿರಲಿಲ್ಲ. ಈಗ ಸೌಂಡೇ ಬೇರೆಯಂತೆ! ಹೂವಿನ ಡೆಕೋರೇಷನ್‌ನಲ್ಲಿ ಒಂದು ಸೇವಂತಿಗೆ ಬಾಡಿದ್ದರೂ ಹಿಡಿಯುವ ಕಣ್ಣು ಅವರದು. ಪೇಮೆಂಟ್ ವಿಷಯದಲ್ಲಿ ಮಾತ್ರ ಆ ಚುರುಕು ಕಾಣಲ್ಲ.

ರ‍್ಯಾಪ್ ಹಾಕಿದ್ದು ನಾನು ಮತ್ತು ಪಕ್ಕದ ಮನೆ ಬಡಗಿ ಅಣ್ಣ. ಮೊದಲು ರಿಮ್ಮು, ಸ್ಕಿನ್ನು, ಸುತ್ತ ಇರುವ, ಸ್ಕಿನ್ ಬಿಗಿಯುವ ಸ್ಕ್ರೂ ಕೂರುವ ಲಗ್ಗು ಎಲ್ಲ ಬಿಚ್ಚಬೇಕು. ಹಳೆಯ ಹೊದಿಕೆಗೆ ಹೇರ್ ಡ್ರೈಯರ್ ಹಿಡಿದರೆ ಗಮ್ಮು ಮೆತ್ತಗಾಗಿ ಎದ್ದು ಬರುತ್ತೆ. 22 ಇಂಚಿನ ಬೇಸ್ ಡ್ರಮ್ ಸುತ್ತಲು 69 ಇಂಚು ಬೇಕು, ಎರಡು ತುದಿ ಒಂದರ ಮೇಲೊಂದು ಕೂರಲು ಇನ್ನೊಂದಿಂಚು. ಸನ್ಮೈಕಾಗೆ ಹಚ್ಚುವ ಗಮ್ಮನ್ನೇ ಮರಕ್ಕೂ ಹಚ್ಚಿದೆವು, ಹೊದಿಕೆಯ ಒಳಮೈಗೂ ಹಚ್ಚಿದೆವು. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂರಿಸಬೇಕು. ಒಮ್ಮೆ ಕೂತರೆ ಮುಗೀತು, ಜರುಗಿಸೋ ಮಾತೇ ಇಲ್ಲ. ಅಣ್ಣ ಉಸಿರು ಬಿಗಿಹಿಡಿದು ಅಂಗೈಯಲ್ಲಿ ಒತ್ತುತ್ತಾ ಹೋದರು. ಒಂದೇ ಒಂದು ಗುಳ್ಳೆ ಏಳಲಿಲ್ಲ.

ಜಗಳ ಆಗಿದ್ದು ಗಾಳಿಯ ತೂತಿಗೆ. "ಮುಚ್ಚಿದ್ರೇನೇ ಚಂದ ಕಾಣ್ತೈತಿ, ಬಿಡ್ರಿ" ಅಂದರು. ಬಾರಿಸಿದಾಗ ಒಳಗಿನ ಗಾಳಿ ಹೊರಗೆ ಹೋಗೋದು ಅದರಲ್ಲೇ ಅಣ್ಣಾ ಅಂತ ಹೇಳಿ ಡ್ರಿಲ್ ಹಾಕಿಸಿದೆ. ಸ್ಕಿನ್ ಕೂರುವ ಅಂಚಿನಲ್ಲೂ ಹೊದಿಕೆಯನ್ನು ಸ್ವಲ್ಪ ಕೆಳಗೇ ನಿಲ್ಲಿಸಬೇಕು. ಇಲ್ಲದಿದ್ದರೆ ಸ್ಕಿನ್ ಸರಿಯಾಗಿ ಕೂರಲ್ಲ. ಇದನ್ನೆಲ್ಲ ನೋಡುವವರು ಯಾರು ಹೇಳಿ?

ಹಾಗಂತ ಆ ಕಾಂಟ್ರ್ಯಾಕ್ಟ್‌ನವರು ಹೇಳಿದ್ದು ಪೂರ್ತಿ ಸುಳ್ಳು ಅನ್ನೋಕೂ ಧೈರ್ಯ ಬರ್ತಿಲ್ಲ. ಬಿಚ್ಚಿದಾಗ ಫ್ಲೋರ್ ಟಾಮ್, ಅಂದ್ರೆ ನೆಲದ ಮೇಲೆ ನಿಲ್ಲುವ ಡ್ರಮ್, ಅದರ ಒಳಗೆ ಎರಡು ಸ್ಕ್ರೂ ಸಡಿಲಾಗಿದ್ದವು. ಅಂಚಿನಲ್ಲಿ ವರ್ಷಗಟ್ಟಲೆ ಕೂತ ಧೂಳು. ಎಲ್ಲ ಒರೆಸಿ, ಬಿಗಿದು, ಮತ್ತೆ ಟ್ಯೂನ್ ಮಾಡಿದೆ. ದನಿ ನಿಜಕ್ಕೂ ಸುಧಾರಿಸಿರಬಹುದು. ಆದರೆ ಅವರಿಗೆ ಅದು ಕೇಳಿಸಿದ್ದು ಕಿವಿಯಿಂದಲೋ ಕಣ್ಣಿಂದಲೋ? ತಾಮ್ರದ ಮೇಲೆ ಸ್ಟೇಜಿನ ಲೈಟ್ ಬೀಳದಿದ್ದರೆ ಆ ಮಾತು ಬರುತ್ತಿತ್ತಾ?

ಕಣ್ಣಿಗೆ ಸೋಲೋದು ನಮ್ಮೂರಿನವರು ಮಾತ್ರ ಅಲ್ಲ ಬಿಡಿ. 1964ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್ ಅಮೆರಿಕದ ಟಿವಿಯಲ್ಲಿ ಬಂದಾಗ ಅವರ ಡ್ರಮ್ಮರ್ ರಿಂಗೋ ಸ್ಟಾರ್ ಬಾರಿಸಿದ ಲಡ್ವಿಗ್ ಕಂಪನಿಯ ಸೆಟ್ಟಿಗೂ ಇದ್ದದ್ದು ಪ್ಲಾಸ್ಟಿಕ್ ಹೊದಿಕೆಯೇ, ಕಪ್ಪು ಮುತ್ತುಚಿಪ್ಪಿನ ಡಿಸೈನಿನದು. ಆಮೇಲೆ ಲಡ್ವಿಗ್‌ನವರು ಹಗಲೂ ರಾತ್ರಿ ಫ್ಯಾಕ್ಟರಿ ಓಡಿಸಬೇಕಾಯಿತು. ಕೊಂಡವರೆಲ್ಲ ಸೌಂಡ್ ಕೇಳಿಯೇ ಕೊಂಡರಾ?

ನಿನ್ನೆ ಅದೇ ಕಾಂಟ್ರ್ಯಾಕ್ಟ್‌ನವರ ಫೋನ್. ಹರಿಹರದಲ್ಲಿ ಪ್ರೋಗ್ರಾಂ ಇದೆಯಂತೆ. "ಡ್ರಮ್ ಸೆಟ್ ಈ ಸಲ ಮುಂದೆ ಇಡ್ರಿ, ಫೋಟೋದಾಗ ಚಂದ ಬರ್ತೈತಿ" ಅಂದರು. ಇಷ್ಟು ವರ್ಷ ಸ್ಪೀಕರ್ ಹಿಂದೆ ಕೂತು ಬಾರಿಸಿದವನು ನಾನು. ನಮ್ಮ ಆರ್ಕೆಸ್ಟ್ರಾದ ಹಾಡುಗಾರನಿಗೆ ಇದು ಸುತರಾಂ ಇಷ್ಟವಾಗಿಲ್ಲ. ಸಂಜೆ ಮನೆಗೆ ಬಂದು, ಅದೂ ಇದೂ ಮಾತಾಡಿ, ಹೊದಿಕೆಯ ಉಳಿದ ತುಂಡು ತನ್ನ ಮೈಕ್ ಸ್ಟ್ಯಾಂಡಿಗೆ ಸಾಕಾಗುತ್ತಾ ಅಂತ ಕೇಳಿದ. ಸಾಕಾಗುತ್ತೆ. ನೋಡೋಣ ಅಂದಿದ್ದೇನೆ.