ಯುರೋಪಲ್ಲಿ ಬಾರ್ಡರೇ ಇಲ್ವಂತೆ, ಹೌದಾ?

ಹೌದು, ಇಲ್ಲ. ಆದರೆ ಇದೆ. ಸಾಕಾ?

ಊರಿಗೆ ಬಂದಾಗಲೆಲ್ಲ ಇದು ತಪ್ಪಿದ್ದಲ್ಲ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು ಪಾಯಸಕ್ಕೆ ಕಾಯುತ್ತಿರುತ್ತೇನೆ, ಪಕ್ಕದಲ್ಲಿ ಕೂತ ಯಾರೋ ದೂರದ ಭಾವ ಶುರು ಮಾಡುತ್ತಾರೆ. "ಒಂದು ವೀಸಾ ತಗೊಂಡ್ರೆ ಎಲ್ಲಾ ದೇಶ ತಿರುಗಬಹುದಂತೆ?" ಬಫೆ ಕೂಪನ್ ಬಗ್ಗೆ ಕೇಳುವ ಧಾಟಿ. ಹೌದು ಅಂದರೆ, "ಮತ್ತೆ ಟೀವಿಲಿ ಬೇಲಿ ತೋರಿಸ್ತಾರಲ್ಲ?" ಇಲ್ಲ ಅಂದರೆ, "ಯೂಟ್ಯೂಬಲ್ಲಿ ಒಬ್ಬ ಹಾಗೇ ಹೇಳಿದ್ನಪ್ಪ." ಅವನನ್ನೇ ಕೇಳಿ ಹಾಗಾದ್ರೆ.

1985ರಲ್ಲಿ ಲಕ್ಸೆಂಬರ್ಗಿನ ಶೆಂಗೆನ್ ಅನ್ನುವ ಹಳ್ಳಿಯ ಹತ್ತಿರ, ನದಿಯಲ್ಲಿ ನಿಂತ ಹಡಗಿನ ಮೇಲೆ ಐದು ದೇಶದವರು ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಈಗ ಅದರಲ್ಲಿ 29 ದೇಶಗಳಿವೆ. ತಮ್ಮ ತಮ್ಮ ನಡುವೆ ಅವರು ತೆಗೆದದ್ದು ತಪಾಸಣೆ, ಗಡಿ ಅಲ್ಲ. ತೊಂದರೆ ಬಂದರೆ "ತಾತ್ಕಾಲಿಕ" ಅಂತ ಮತ್ತೆ ಶುರು ಮಾಡಬಹುದು. ಈ ತಾತ್ಕಾಲಿಕ ಎಷ್ಟು ವರ್ಷ ಎಳೆಯುತ್ತೆ ಅಂತ ನನ್ನನ್ನು ಕೇಳಬೇಡಿ.

ನಾನಿರುವುದು ಸ್ವೀಡನ್ನಿನ ಮಾಲ್ಮೋದಲ್ಲಿ. ಸಮುದ್ರದಾಚೆ ಡೆನ್ಮಾರ್ಕಿನ ಕೋಪನ್‌ಹೇಗನ್. ನಡುವೆ 2000ದಲ್ಲಿ ಶುರುವಾದ ಸೇತುವೆ ಇದೆ. ನಮಗೆ ಹತ್ತಿರದ ದೊಡ್ಡ ಏರ್‌ಪೋರ್ಟ್ ಇರುವುದೇ ಪಕ್ಕದ ದೇಶದಲ್ಲಿ, ಕಾಸ್ಟ್ರಪ್‌ನಲ್ಲಿ. ರೈಲಲ್ಲಿ ಅರ್ಧ ಗಂಟೆಯೂ ಬೇಡ.

2016ರ ಚಳಿಗಾಲದಲ್ಲಿ ಅಮ್ಮ ಬಂದರು. ಹಿಂದಿನ ವರ್ಷ ಸುಮಾರು ಒಂದು ಕೋಟಿ ಜನರ ಸ್ವೀಡನ್ನಿನಲ್ಲಿ 1.63 ಲಕ್ಷದಷ್ಟು ಜನ ಆಶ್ರಯ ಕೇಳಿದ್ದರು. ಸರ್ಕಾರ ಗಾಬರಿಯಾಗಿ ಜನವರಿ 4ರಿಂದ ಹೊಸ ನಿಯಮ ತಂದಿತ್ತು. ಗುರುತಿನ ಚೀಟಿ ಇಲ್ಲದವರನ್ನು ಡೆನ್ಮಾರ್ಕಿನಿಂದ ಹತ್ತಿಸಿಕೊಂಡು ಬಂದರೆ ರೈಲು ಕಂಪನಿಗೇ ದಂಡ, ತಲೆಗೆ 50,000 ಕ್ರೋನರ್. ಅದೇ ದಿನ ಡೆನ್ಮಾರ್ಕ್ ಜರ್ಮನಿ ಕಡೆ ತಪಾಸಣೆ ಶುರು ಮಾಡಿತು. ಸ್ವೀಡನ್ನಿಗೆ ಹೊರಟವರು ದಾರಿಯಲ್ಲಿ ತನ್ನಲ್ಲೇ ಉಳಿದುಬಿಟ್ಟರೆ ಅನ್ನುವ ಭಯ.

ಅಮ್ಮ ಏರ್‌ಪೋರ್ಟಲ್ಲಿ ಪಾಸ್‌ಪೋರ್ಟ್ ತೋರಿಸಿ, ಮುಗೀತು ಅಂತ ಅದನ್ನು ಸೂಟ್‌ಕೇಸಿನ ಒಳಗೆ ಭದ್ರ ಮಾಡಿದ್ದರು. ಪ್ಲಾಟ್‌ಫಾರ್ಮಿಗೆ ಹೋಗುವ ದಾರಿಯಲ್ಲಿ ಹಳದಿ ಜಾಕೆಟ್ ಹಾಕಿದ ಗಾರ್ಡ್ ಕೈ ಅಡ್ಡ ಹಿಡಿದ. "ಈಗಷ್ಟೇ ತೋರಿಸಿದ್ನಲ್ಲೋ!" ನಾನು ನೆಲದ ಮೇಲೆ ಸೂಟ್‌ಕೇಸ್ ತೆರೆದೆ. ಹಪ್ಪಳ, ಎರಡು ಸೀರೆ, ಮೂರು ಪದರ ಪ್ಲಾಸ್ಟಿಕ್ಕಲ್ಲಿ ಸುತ್ತಿದ ಚಟ್ನಿಪುಡಿ, ಅದರ ಕೆಳಗೆ ಪಾಸ್‌ಪೋರ್ಟ್. ಗಾರ್ಡ್ ಸೀನಿದ. ಆಚೆ ದಡದ ಮೊದಲ ಸ್ಟೇಷನ್ ಹಿಲ್ಲಿಯಲ್ಲಿ ಸ್ವೀಡನ್ ಪೊಲೀಸರು ರೈಲು ಹತ್ತಿ ಮತ್ತೆ ಕೇಳಿದರು. ಆ ಹೊತ್ತಿಗೆ ಅಮ್ಮ ಅದನ್ನು ಬಸ್ ಟಿಕೆಟ್ ಥರ ಬೆರಳ ಸಂದಿಯಲ್ಲೇ ಹಿಡಿದಿದ್ದರು.

ಇಷ್ಟು ಹೇಳಿದರೆ ಎಲ್ಲರೂ ನಗುತ್ತಾರೆ. ನಾನೂ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಆದರೆ ಗಾರ್ಡ್ ಹತ್ತಿರ ನಮಗಿಂತ ಮುಂದೆ ಒಬ್ಬ ಹುಡುಗ ಇದ್ದ. ಫೋನಲ್ಲಿ ಯಾವುದೋ ಕಾಗದದ ಫೋಟೋ ತೋರಿಸಿದ. ಗಾರ್ಡ್ ತಲೆ ಅಲ್ಲಾಡಿಸಿದ. ಹುಡುಗ ಜಗಳ ಆಡಲಿಲ್ಲ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ವಾಪಸ್ ಹೋದ. ರೈಲಲ್ಲಿ ಕೂತ ಮೇಲೆ ಅಮ್ಮ ಕೇಳಿದ್ದು ಒಂದೇ. "ಅವನೀಗ ಎಲ್ಲಿಗೆ ಹೋಗ್ತಾನೋ?"

ಭಾವಂದಿರೇ, ಇದನ್ನು ಕೇಳಿ ನನ್ನನ್ನು. ಯುರೋಪಿನವರು ಕಿತ್ತಾಡುವುದು ಇದಕ್ಕೇ. ಸ್ವೀಡನ್ನಿನಲ್ಲಿ ಆಶ್ರಯ ಕೇಳಬೇಕಾದರೆ ಮೊದಲು ಸ್ವೀಡನ್ನಿನಲ್ಲಿ ಕಾಲಿಡಬೇಕು. ಅದಕ್ಕೇ ಗೇಟನ್ನು ಪಕ್ಕದ ಮನೆಯ ಅಂಗಳದಲ್ಲಿ ನೆಟ್ಟು, ಕಾಯುವ ಕೆಲಸ ರೈಲಿನವರಿಗೆ ಕೊಟ್ಟರು. "ನಾವು ಯಾರನ್ನೂ ತಿರಸ್ಕರಿಸಿಲ್ಲ" ಅಂತ ಹೇಳಿಕೊಳ್ಳಲೂಬಹುದು, ಅಲ್ವಾ? ಇನ್ನು ಡಬ್ಲಿನ್ ನಿಯಮ ಅಂತಿದೆ. ಸಾಮಾನ್ಯವಾಗಿ ಮೊದಲು ಕಾಲಿಟ್ಟ ದೇಶವೇ ಜವಾಬ್ದಾರಿ, ಅಂದರೆ ಹೆಚ್ಚಾಗಿ ಗ್ರೀಸ್, ಇಟಲಿ. 2015ರ ಸೆಪ್ಟೆಂಬರಿನಲ್ಲಿ 1.2 ಲಕ್ಷ ಜನರನ್ನು ಹಂಚಿಕೊಳ್ಳೋಣ ಅಂದಾಗ ಹಂಗೇರಿ, ಸ್ಲೊವಾಕಿಯಾ, ಜೆಕ್, ರೊಮೇನಿಯಾ ಬೇಡ ಎಂದು ಮತ ಹಾಕಿದವು. 2024ರಲ್ಲಿ ಜರ್ಮನಿ ತನ್ನ ಎಲ್ಲಾ ಭೂಗಡಿಗಳಲ್ಲಿ ತಪಾಸಣೆ ಇಟ್ಟಿತು. ಜನರನ್ನು ನಮ್ಮ ಕಡೆ ತಳ್ಳುತ್ತಿದ್ದೀರಿ ಅಂತ 2025ರ ಜುಲೈನಲ್ಲಿ ಪೋಲೆಂಡ್ ತನ್ನ ಕಡೆಯಿಂದಲೂ ಶುರು ಮಾಡಿತು.

ಕಾಸ್ಟ್ರಪ್‌ನ ಆ ಗಾರ್ಡುಗಳು 2017ರ ಮೇನಲ್ಲಿ ಹೋದರು. ಹಿಲ್ಲಿಯ ಪೊಲೀಸರು ಹೋಗಲಿಲ್ಲ.

ಅಮ್ಮನಿಗೆ ಅವತ್ತು "ಗೊತ್ತಿಲ್ಲಮ್ಮ" ಅಂದಿದ್ದೆ. ವೀಸಾ ವಿಷಯ ಕೇಳಿದಿರಲ್ಲ, ಹೌದು, ಆ 29 ದೇಶಕ್ಕೆ ಒಂದೇ ಸಾಕು. ಪಾಸ್‌ಪೋರ್ಟ್ ಮಾತ್ರ ಚಟ್ನಿಪುಡಿ ಮೇಲಿಡಿ.