ಮೊಳೆ ಸಣ್ಣದಾದರೂ ಟಯರ್ ಯಾಕೆ ಹೋಯಿತು

ಹಾಸನದಿಂದ ಸಕಲೇಶಪುರಕ್ಕೆ ಹೊರಟಿದ್ದ 150 ಸಿಸಿ ಬೈಕಿನ ಹಿಂದಿನ ಟಯರಿಗೆ ಬೆಳಿಗ್ಗೆಯೇ ಮೊಳೆ ಹೊಕ್ಕಿತ್ತು. 100/90-17 ಅಳತೆಯ ಟ್ಯೂಬ್‌ಲೆಸ್ ಟಯರ್. ಮೊಳೆ ಇದ್ದದ್ದು ರಸ್ತೆಗೆ ತಾಗುವ ಗ್ರಿಪ್ಪಿನ ನಟ್ಟನಡುವೆ, ದಪ್ಪ 3 ಮಿ.ಮೀ. ದಾಟದು. ಗ್ರಿಪ್ ಇನ್ನೂ 4 ಮಿ.ಮೀ. ಉಳಿದಿತ್ತು. ಇಂಥ ಟಯರನ್ನು ಯಾವ ಪಂಕ್ಚರ್ ಅಂಗಡಿಗೆ ಒಯ್ದರೂ ತೂತಿಗೆ ಅಂಟುವ ರಬ್ಬರಿನ ಪಟ್ಟಿ, ಅಂದರೆ ಸ್ಟ್ರಿಪ್ ಹಾಕಿ ಕಳಿಸುತ್ತಾರೆ, ಇಲ್ಲೂ ಹಾಗೇ ಆಯಿತು. ಆದರೆ ಸಂಜೆಗೆ ಅದೇ ಟಯರನ್ನು ಬಿಚ್ಚಿ ಬದಲಾಯಿಸಬೇಕಾಯಿತು.

ಸ್ಟ್ರಿಪ್ ಹಾಕಿದ ಕೆಲಸದಲ್ಲಿ ತಪ್ಪಿರಲಿಲ್ಲ. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ಎಂದು ನೋಡಿಕೊಂಡು ಇಕ್ಕಳದಿಂದ ಎಳೆದರು. ಅರದಂತಿರುವ ಸಲಾಕೆಯನ್ನು ಅದೇ ಓರೆಯಲ್ಲಿ ನಾಲ್ಕೈದು ಸಲ ಆಡಿಸಿ ತೂತಿನ ಒಳಮೈ ತರಿ ಮಾಡಿದರು. ಇಲ್ಲಿ ಓರೆ ತಪ್ಪಿದರೆ ಸಲಾಕೆ ರಬ್ಬರಿನಲ್ಲಿ ಬೇರೆಯೇ ದಾರಿ ಕೊರೆಯುತ್ತದೆ. ಆಮೇಲೆ ಸ್ಟ್ರಿಪ್ ಎಷ್ಟೇ ಗಟ್ಟಿ ಕೂತರೂ ಪಕ್ಕದಿಂದ ಗಾಳಿ ಹೋಗುತ್ತಲೇ ಇರುತ್ತದೆ. ಸೂಜಿಯ ಕಣ್ಣಿಗೆ ಸ್ಟ್ರಿಪ್ಪನ್ನು ನಡುಮಧ್ಯಕ್ಕೆ ಪೋಣಿಸಿ, ಸಲ್ಯೂಷನ್ ಹಚ್ಚಿ, ಎರಡೂ ತುದಿ ಒಂದೊಂದು ಸೆಂ.ಮೀ. ಹೊರಗುಳಿಯುವಷ್ಟು ಒತ್ತಿ, ಸೂಜಿಯನ್ನು ಒಂದೇ ಜಗ್ಗಿಗೆ ಹೊರಗೆಳೆಯಬೇಕು. ನಿಧಾನಕ್ಕೆ ಎಳೆದರೆ ಸ್ಟ್ರಿಪ್ಪೂ ಜೊತೆಗೇ ಬಂದುಬಿಡುತ್ತದೆ. ಹೊರಗಿನ ತುದಿಯನ್ನು 2 ಮಿ.ಮೀ. ಬಿಟ್ಟು ಕತ್ತರಿಸಿ, ಸೋಪಿನ ನೀರು ಹಾಕಿ, ಗುಳ್ಳೆ ಇಲ್ಲದ್ದನ್ನು ನೋಡಿ, 29 ಪಿಎಸ್‌ಐ ಗಾಳಿ ತುಂಬಿದರು.

ಸಂಜೆ ಸಕಲೇಶಪುರದಲ್ಲಿ ಗೇಜ್ ಇಟ್ಟಾಗ 21.

ಮತ್ತೆ ಸೋಪಿನ ನೀರು. ಸ್ಟ್ರಿಪ್ಪಿನಲ್ಲಿ ಗುಳ್ಳೆ ಇಲ್ಲ, ವಾಲ್ವಿನಲ್ಲಿ ಇಲ್ಲ, ರಿಮ್ಮಿನ ಅಂಚಿನಲ್ಲೂ ಇಲ್ಲ. ಟಯರಿನ ಪಕ್ಕೆಯ ಮೇಲೆ, ಒಂದು ಗೇಣು ಉದ್ದಕ್ಕೆ, ಸಾಸಿವೆಗಿಂತ ಸಣ್ಣ ಗುಳ್ಳೆಗಳು ಬೆವರಿನ ಹಾಗೆ ಮೂಡುತ್ತಿದ್ದವು. ಟಯರ್ ಬಿಚ್ಚಿದಾಗ ಒಳಗಿನಿಂದ ಒಂದು ಹಿಡಿ ಕಪ್ಪು ಪುಡಿ ಉದುರಿತು, ಮುಟ್ಟಿದರೆ ಕಾಡಿಗೆಯಂತೆ ಬೆರಳಿಗೆ ಹತ್ತುವಂಥದ್ದು. ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಬಳೆಯಂತೆ ಉಜ್ಜಿದ ಪಟ್ಟಿ, ಅಲ್ಲಲ್ಲಿ ನೈಲಾನ್ ದಾರ ಹೊರಗೆ ಕಾಣುತ್ತಿತ್ತು. ಗಾಳಿ ಇಳಿದ ಮೇಲೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಬ್ಯಾಗನ್ನೂ ಹೇರಿಕೊಂಡು, ಅಂಗಡಿ ಸಿಗುವ ತನಕ ಮೂರು ಕಿ.ಮೀ. ಓಡಿಸಿದ್ದರ ಫಲ ಅದು.

ಗಾಳಿ ಇಲ್ಲದ ಟಯರಿನ ಪಕ್ಕೆ ರಿಮ್ಮಿಗೂ ರಸ್ತೆಗೂ ನಡುವೆ ಮಡಚಿ ಸಿಕ್ಕಿಕೊಳ್ಳುತ್ತದೆ, ಚಕ್ರದ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ಒಳಪದರ ತನ್ನನ್ನೇ ತಾನು ಉಜ್ಜಿಕೊಂಡು ಪುಡಿಯಾಗುತ್ತದೆ, ದಾರಗಳು ಕಾದು ಸತ್ವ ಕಳೆದುಕೊಳ್ಳುತ್ತವೆ. ಹೊರಗಿನಿಂದ ಇದ್ಯಾವುದೂ ಕಾಣುವುದಿಲ್ಲ. ಅದಕ್ಕೇ ಪಂಕ್ಚರ್ ಎಂದ ಕೂಡಲೇ ತೂತು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಮುಂಚೆ, ಗಾಳಿ ಇಲ್ಲದೆ ಎಷ್ಟು ದೂರ ಓಡಿತು ಎಂದು ಕೇಳಬೇಕು. ತಳ್ಳಿಕೊಂಡು ಬಂದದ್ದಾದರೆ ಭಯವಿಲ್ಲ. ಭಾರ ಹೊತ್ತು ಓಡಿದ್ದರೆ ಟಯರ್ ಬಿಚ್ಚಿ ಒಳಗೆ ಕೈಯಾಡಿಸಿ ನೋಡದೆ ಸ್ಟ್ರಿಪ್ ಹಾಕಬಾರದು. ಪುಡಿ ಸಿಕ್ಕಿತೆಂದರೆ ಆ ಟಯರ್ ಮುಗಿಯಿತು. ಒಳಗೆ ಟ್ಯೂಬ್ ಹಾಕಿ ಇನ್ನಷ್ಟು ದಿನ ಓಡಿಸಿ ಎನ್ನುವವರಿದ್ದಾರೆ. ಗಾಳಿಯನ್ನೇನೋ ಟ್ಯೂಬ್ ಹಿಡಿದೀತು, ಸತ್ತ ಪಕ್ಕೆಗೆ ಬಲ ಎಲ್ಲಿಂದ ಬರಬೇಕು? ಮುಂದೆ ಶಿರಾಡಿ ಘಾಟಿ ಇಳಿಯುವ ದಾರಿ ಬೇರೆ.

ಒಳಗೆ ಚೆನ್ನಾಗಿದ್ದರೆ ಆಮೇಲೆ ಜಾಗ ನೋಡುವುದು. ಪಕ್ಕೆಯಲ್ಲಿ ಮೊಳೆ ಹೊಕ್ಕರೆ ರಿಪೇರಿಯ ಮಾತೇ ಬೇಡ, ಆ ಜಾಗ ಸದಾ ಬಾಗುತ್ತಿರುವುದರಿಂದ ಸ್ಟ್ರಿಪ್ ನಿಲ್ಲುವುದಿಲ್ಲ. ಗ್ರಿಪ್ಪಿನಲ್ಲಾದರೂ 6 ಮಿ.ಮೀ.ಗಿಂತ ದೊಡ್ಡ ತೂತು, ಸೀಳು, ಹಳೆಯ ಸ್ಟ್ರಿಪ್ಪಿನ ಮಗ್ಗುಲಲ್ಲೇ ಬಿದ್ದ ಹೊಸ ತೂತು, ಇವಕ್ಕೆಲ್ಲ ಹೊಸ ಟಯರೇ. ಗ್ರಿಪ್ಪಿನ ಕಾಲುವೆಯಲ್ಲಿರುವ ಸವೆತದ ಮಿತಿ ತೋರಿಸುವ ಟಿಡಬ್ಲ್ಯುಐ ದಿಬ್ಬದ ಮಟ್ಟಕ್ಕೆ ಗ್ರಿಪ್ ಸವೆದಿದ್ದರೂ ಅಷ್ಟೇ. ಮುಂದಿನ ಟಯರಿನ ವಿಷಯದಲ್ಲಿ ನನ್ನದು ಇನ್ನೂ ಬಿಗಿ: ಅಲ್ಲಿ ಸ್ಟ್ರಿಪ್ ಮನೆ ಮುಟ್ಟಿಸುವುದಕ್ಕೆ ಮಾತ್ರ, ಆಮೇಲೆ ಬಿಚ್ಚಿ ಒಳಗಿನಿಂದ ಮಶ್ರೂಮ್ ಪ್ಯಾಚ್ (ಕಾಂಡ ತೂತನ್ನು ತುಂಬಿ, ತಲೆ ಒಳಮೈಗೆ ಅಂಟುವ ಅಣಬೆಯಾಕಾರದ ಪ್ಯಾಚ್) ಹಾಕಿಸಬೇಕು. ಟ್ಯೂಬ್ ಇರುವ ಸ್ಪೋಕ್ ಚಕ್ರವಾದರೆ ಟ್ಯೂಬಿಗೆ ಪ್ಯಾಚ್ ಸಾಕು, ವಾಲ್ವಿನ ಬುಡ ಹರಿದಿದ್ದರೆ ಹೊಸ ಟ್ಯೂಬೇ ಬೇಕು.

ಹೊಸ ಟಯರ್ ಕೊಳ್ಳುವಾಗ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಜೊತೆಗೆ ವಾಲ್ವನ್ನೂ ಬದಲಾಯಿಸಿಬಿಡಿ, ಅದಕ್ಕಾಗಿಯೇ ಇನ್ನೊಮ್ಮೆ ಟಯರ್ ಬಿಚ್ಚುವಂತಾಗಬಾರದು. ಸಕಲೇಶಪುರದಲ್ಲಿ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೆ ಬರುವಂತೆ ಕೂರಿಸಿ, ಅಂಚಿಗೆ ಸೋಪಿನ ನೀರು ಸವರಿ ಗಾಳಿ ಏರಿಸಿದರು. ಟಪ್, ಟಪ್ ಎಂದು ಎರಡೂ ಅಂಚು ರಿಮ್ಮಿಗೆ ಕೂತವು. ಅಂಚಿನ ಪಕ್ಕದ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಸಮ ದೂರದಲ್ಲಿದೆಯೇ ಎಂದು ನೋಡಿ, ಗಾಳಿಯನ್ನು 29ಕ್ಕೆ ಇಳಿಸಿದರು. ಮರುದಿನ ಬೆಳಿಗ್ಗೆ ಟಯರ್ ತಣ್ಣಗಿದ್ದಾಗ ಗೇಜ್ ಇಟ್ಟರೆ ಅದೇ 29. ಹೊಸ ರಬ್ಬರ್ ಜಾರುತ್ತದೆಂದು ಘಾಟಿಯ ತಿರುವುಗಳಲ್ಲಿ ಬೈಕನ್ನು ಹೆಚ್ಚು ವಾಲಿಸದೆ ಇಳಿಸಿದ್ದಾಯಿತು.