ಎರಡನೇ ಓಟು

ದಿನಾ ಆಫೀಸಿಗೆ ಹೋಗುವಾಗ ನಮ್ಮ ಬಸ್ಸು ಯರವಾಡ ಜೈಲಿನ ಹತ್ತಿರ ಹಾದು ಹೋಗುತ್ತದೆ. ಪುಣೆಗೆ ಬಂದ ಮೊದಲ ವರ್ಷ ನನಗೆ ಅದು ಬರೀ ಒಂದು ಸ್ಟಾಪು. 1932ರ ಸೆಪ್ಟೆಂಬರಿನಲ್ಲಿ, ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಅಂತ ಗಾಂಧಿ ಉಪವಾಸ ಕೂತಿದ್ದು ಇಲ್ಲೇ, 24ನೇ ತಾರೀಕು ಅಂಬೇಡ್ಕರ್ ಮತ್ತು ಸವರ್ಣೀಯ ಮುಖಂಡರ ನಡುವೆ ಪುಣೆ ಒಪ್ಪಂದ ಆಗಿದ್ದೂ ಇಲ್ಲೇ.

ಶಾಲೆಯಲ್ಲಿ ಇದರ ಬಗ್ಗೆ ಓದಿದ್ದು ಎರಡೇ ಸಾಲು. ಪ್ರತ್ಯೇಕ ಮತಕ್ಷೇತ್ರ, ಅಂದರೆ ದಲಿತರೇ ಓಟು ಹಾಕಿ ತಮ್ಮವರನ್ನು ಆರಿಸುವ ಕ್ಷೇತ್ರ, ಹೋಯಿತು; ಪ್ರಾಂತ್ಯಗಳ ಶಾಸನಸಭೆಗಳಲ್ಲಿ ದಲಿತರ ಸೀಟು 71ರಿಂದ 148ಕ್ಕೆ ಏರಿತು. ಬರೀ ಲೆಕ್ಕ ನೋಡಿದರೆ ಅಂಬೇಡ್ಕರ್ ಗೆದ್ದ ಹಾಗೇ ಕಾಣುತ್ತದೆ, ಅಲ್ವಾ? ನಾನೂ ಬಹಳ ವರ್ಷ ಹಾಗೇ ನಂಬಿದ್ದೆ.

ಆದರೆ ಅದರ ಜೊತೆ ಕಳೆದುಹೋಗಿದ್ದು ಎರಡನೇ ಓಟು. ಬ್ರಿಟಿಷ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಆ ವರ್ಷ ಆಗಸ್ಟಿನಲ್ಲಿ ಕೊಟ್ಟ ತೀರ್ಪಿನಲ್ಲಿ, ವಿಶೇಷ ಕ್ಷೇತ್ರಗಳ ದಲಿತ ಮತದಾರರಿಗೆ ತಮ್ಮವರನ್ನು ತಾವೇ ಆರಿಸಿಕೊಳ್ಳಲು ಒಂದು ಓಟು, ಸಾಮಾನ್ಯ ಕ್ಷೇತ್ರದಲ್ಲಿ ಎಲ್ಲರ ಜೊತೆ ಹಾಕಲು ಇನ್ನೊಂದು ಓಟು ಇತ್ತು. ಅಂದರೆ ಮೇಲ್ಜಾತಿಯ ಅಭ್ಯರ್ಥಿಯೂ ಕೇರಿಗೆ ಬಂದು ಕೈ ಮುಗಿಯಬೇಕಿತ್ತು. ಅದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ ಅಂತ ಅಂಬೇಡ್ಕರ್ 1945ರಲ್ಲಿ ಬರೆದರು. ಒಪ್ಪಂದದಲ್ಲಿ ಬಂದಿದ್ದು ಬೇರೆ ಏರ್ಪಾಡು. ಮೊದಲು ದಲಿತ ಮತದಾರರು ನಾಲ್ವರನ್ನು ಆರಿಸಬೇಕು, ಆಮೇಲೆ ಆ ನಾಲ್ವರಲ್ಲಿ ಗೆಲ್ಲುವವರು ಯಾರು ಅಂತ ಇಡೀ ಕ್ಷೇತ್ರ ತೀರ್ಮಾನಿಸಬೇಕು. ದಲಿತರು ನಾಲ್ಕನೇ ಸ್ಥಾನಕ್ಕೆ ತಳ್ಳಿದವನೂ ಉಳಿದವರ ಓಟಿನಿಂದ ಗೆದ್ದು ಬರಬಹುದಿತ್ತು! ಸಂವಿಧಾನ ಬಂದಾಗ ಆ ಮೊದಲ ಸುತ್ತೂ ಉಳಿಯಲಿಲ್ಲ.

ಗಾಂಧಿಯ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಪ್ರತ್ಯೇಕ ಮತಕ್ಷೇತ್ರ ಬಂದರೆ ಹಳ್ಳಿ ಹಳ್ಳಿಯೂ ಒಡೆಯುತ್ತದೆ, ಅಸ್ಪೃಶ್ಯತೆ ಸವರ್ಣೀಯರು ಮಾಡಿದ ಪಾಪ, ಅವರೇ ಅದನ್ನು ತೊಳೆಯಬೇಕು ಅನ್ನುವುದು ಅವರ ನಂಬಿಕೆ. ಆ ವಾರ ಎಷ್ಟೋ ಕಡೆ ದೇವಸ್ಥಾನ, ಬಾವಿ ತೆರೆದದ್ದೂ ನಿಜ. ಆದರೆ ಎದುರಿಗೆ ಕೂತವರು ಅನ್ನ ಬಿಟ್ಟು ಸಾಯಲು ಸಿದ್ಧರಾಗಿದ್ದಾಗ, ಅವರು ಸತ್ತರೆ ಊರೂರಲ್ಲಿ ತನ್ನ ಜನರ ಮೇಲೆ ಏನಾಗಬಹುದು ಅನ್ನುವುದು ಗೊತ್ತಿದ್ದಾಗ, ಅಂಬೇಡ್ಕರ್ ಹೇಗೆ ಒಲ್ಲೆ ಅನ್ನಬೇಕಿತ್ತು? ಅದನ್ನು ರಾಜಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇದೇ ಪುಣೆಯಲ್ಲಿ ಜ್ಯೋತಿಬಾ ಫುಲೆ ಜಾತಿ ದಬ್ಬಾಳಿಕೆಯ ವಿರುದ್ಧ ಸತ್ಯಶೋಧಕ ಸಮಾಜ ಅನ್ನುವ ಸಂಘ ಕಟ್ಟಿದ್ದೂ ಸೆಪ್ಟೆಂಬರ್ 24ರಂದೇ, 1873ರಲ್ಲಿ. ಯಾಕೋ ಆ ತಾರೀಕು ಮನಸ್ಸಿನಿಂದ ಹೋಗುವುದೇ ಇಲ್ಲ.

ನಮ್ಮ ಬಿಲ್ಡಿಂಗ್ ಪಕ್ಕ ಕೆಲಸ ನಡೀತಾ ಇದೆ. ಅಲ್ಲಿ ಕಲಬುರಗಿ ಕಡೆಯ ಗೌಂಡಿ ಒಬ್ಬರಿದ್ದಾರೆ, ಸಂಜೆ ಚಹಾ ಕುಡಿಯುವಾಗ ಕನ್ನಡ ಸಿಕ್ಕ ಖುಷಿಯಲ್ಲಿ ಇಬ್ಬರೂ ಜಾಸ್ತಿನೇ ಮಾತಾಡುತ್ತೇವೆ. ಮೀಸಲು ಕ್ಷೇತ್ರದ ಮಾತು ಬಂದಾಗ ಅವರು ಹೇಳಿದರು: "ಆರಿಸಿ ಬರಾವ ನಮ್ಮಾವನೇ ರೀ. ಆದ್ರ ಓಟು ಕೇಳಾಕ ಮೊದಲ ಗೌಡ್ರ ಮನಿಗಿ ಹೋಗ್ತಾನ. ನಮ್ಮ ಓಣಿಗಿ ಕಡೀಕ."

ನಾನು ಎರಡನೇ ಓಟಿನ ಕಥೆ ಹೇಳಿದೆ. "ಹಂಗಿತ್ತೇನ್ರಿ?" ಅಂದರು. ಆಮೇಲೆ ಕಪ್ಪು ಕೆಳಗಿಟ್ಟು, ಮತ್ತೆ ಮೊದಲಿಂದ ಹೇಳಿಸಿಕೊಂಡರು.